ಔಟ್‌ರಿಗರ್ ಕೋಲಿಗೆ ಪೂರ್ತಿ ಅಂಕ, ಕ್ಲಿಪ್ಪಿಗೆ ಸೊನ್ನೆ

ನಮ್ಮದು ಸಕಲೇಶಪುರ. ಕಾಫಿ ಕೊಯ್ಲಿನ ಗಡಿಬಿಡಿ ಮುಗಿದರೆ ಸಾಕು, ಶಿರಾಡಿ ಘಾಟಿ ಇಳಿದು ಮಲ್ಪೆಗೆ ಹೋಗುತ್ತೇನೆ. ಅಲ್ಲಿ ಭಾವನೂ ನಾನೂ ಪಾಲು ಹಾಕಿ ಇಟ್ಟುಕೊಂಡಿರುವ 22 ಅಡಿಯ ಫೈಬರ್ ದೋಣಿ ಇದೆ. ಓಡುವ ದೋಣಿಯ ಹಿಂದೆ ಗಾಳ ಎಳೆದು ಅಂಜಲ್, ಕೇದರ ಹಿಡಿಯುವ ಹುಚ್ಚು ಇಬ್ಬರಿಗೂ.

ಔಟ್‌ರಿಗರ್ ಅಂದರೆ ದೋಣಿಯ ಎರಡೂ ಬದಿಗೆ ಚಾಚಿಕೊಂಡು ಗಾಳದ ದಾರವನ್ನು ದೂರ ಹಿಡಿಯುವ ಉದ್ದ ಕೋಲು. 15 ಅಡಿಯ ಈ ಫೈಬರ್‌ಗ್ಲಾಸ್ ಜೋಡಿ ಹಾಕಿಸಿ ಕೆಲವು ಮಳೆಗಾಲಗಳೇ ಕಳೆದವು. ಕಾರ್ಬನ್ ಇನ್ನೂ ಹಗುರ ನಿಜ, ಆದರೆ ಅದರ ಬೆಲೆ ನನ್ನ ಕೈಗೆ ಎಟುಕುವಂಥದ್ದಲ್ಲ. ಅಲ್ಯುಮಿನಿಯಂ ಒಮ್ಮೆ ಬಗ್ಗಿದರೆ ಬಗ್ಗಿದ್ದೇ. ಬುಡ ಕೂರಿಸುವಾಗ ಮಾತ್ರ ಒಳಗಿನಿಂದ ಲೋಹದ ಪ್ಲೇಟ್ ಕೊಡಿಸಿ. ಕೋಲಿನ ಎಳೆತವೆಲ್ಲ ಅಲ್ಲಿಗೇ ಬೀಳುತ್ತದೆ.

ಕೋಲಿನ ಕೆಲಸಕ್ಕೆ ಎರಡು ಮಾತಿಲ್ಲ. ಎಂಜಿನ್ನಿನ ಫ್ಯಾನು ನೀರಲ್ಲಿ ಎಬ್ಬಿಸುವ ನೊರೆಯಿಂದಾಚೆ, ತಿಳಿನೀರಿನಲ್ಲಿ ಎರಡು ಗಾಳ ಓಡುತ್ತವೆ, ಹಿಂದುಗಡೆ ಇನ್ನೆರಡು. ದೋಣಿ ತಿರುಗಿಸಿದಾಗ ದಾರಕ್ಕೆ ದಾರ ಸುತ್ತಿಕೊಳ್ಳುವುದಿಲ್ಲ. ಮೊದಲು ಪ್ರತಿ ತಿರುವಿಗೂ ಸಿಕ್ಕು ಬಿಡಿಸುತ್ತ ಕೂರುತ್ತಿದ್ದೆವು.

ಸಿಟ್ಟು ಬರುವುದು ಜೊತೆಗೆ ಕೊಟ್ಟ ಕ್ಲಿಪ್ಪಿನ ಮೇಲೆ. ಅದರ ಕೆಲಸ ದಾರ ಹಿಡಿದಿರುವುದು, ಮೀನು ಗಾಳಕ್ಕೆ ಹೊಡೆದಾಗ ಬಿಟ್ಟುಕೊಡುವುದು, ಅಷ್ಟೆ. ಸ್ಪ್ರಿಂಗ್ ಸಡಿಲಿಸಿದರೆ ಒಂದೊಂದು ಅಲೆಗೂ ಬಿಡುತ್ತದೆ. ಬಿಗಿ ಮಾಡಿದರೂ ಬ್ರೇಡ್ ದಾರ (ಎಳೆಗಳನ್ನು ಹೆಣೆದದ್ದು) ನುಣುಪಾದ್ದರಿಂದ ಒಳಗೇ ಜಾರಿ, ಗಾಳ ಇಟ್ಟ ಜಾಗದಲ್ಲಿ ನಿಲ್ಲುವುದಿಲ್ಲ. ಇಷ್ಟು ದುಡ್ಡು ತೆಗೆದುಕೊಂಡವರು ಈ ಚಿಕ್ಕ ಭಾಗವನ್ನು ಹೀಗೆ ಮಾಡಬಾರದಿತ್ತು.

ಕೊನೆಗೆ ಕೈಹಿಡಿದಿದ್ದು ಅಂಗಡಿಯ ರಬ್ಬರ್ ಬ್ಯಾಂಡ್. ದಾರಕ್ಕೆ ಅದನ್ನು ನಾಲ್ಕೈದು ಸುತ್ತು ಸುತ್ತಿ, ಒಂದು ತುದಿಯನ್ನು ಇನ್ನೊಂದರೊಳಗೆ ತೂರಿಸಿ ಜಗ್ಗಬೇಕು. ಉಳಿದ ಕುಣಿಕೆಯನ್ನು ಕ್ಲಿಪ್ಪಿಗೆ ಕೊಡಬೇಕು. ಮೀನು ಹೊಡೆದರೆ ಟಪ್ಪನೆ ರಬ್ಬರ್ ಹರಿಯುತ್ತದೆ, ದಾರಕ್ಕೆ ಉಜ್ಜುವಿಕೆಯೇ ಇಲ್ಲ. ಆ ಕ್ಷಣ ದಾರ ಸಡಿಲಾಗುತ್ತದಲ್ಲ, ರೀಲನ್ನು ಬೇಗ ಸುತ್ತಿ. ಇಲ್ಲವಾದರೆ ಅಂಜಲ್ ಗಾಳ ಕಳಚಿಕೊಂಡು ಹೋಗುತ್ತದೆ. ಇದು ಕೈಗೆ ಕೂತ ಮೇಲೆ ನನ್ನ ಸಿಟ್ಟು ಅರ್ಧ ಇಳಿಯಿತು.

ಊರಿಗೆ ಬಂದ ಮೇಲಿನ ಕೆಲಸ ನನಗೆ ಬಲು ಇಷ್ಟ. ಕಾಫಿ ಕಣದಲ್ಲಿ ಕೋಲುಗಳನ್ನು ಉದ್ದಕ್ಕೂ ಎಳೆದು ಮಲಗಿಸಿ, ಸಿಹಿನೀರು ಬಿಟ್ಟು, ಒಂದೊಂದು ಕೀಲನ್ನೂ ಹಳೇ ಪಂಚೆಯಿಂದ ಒರೆಸುತ್ತೇನೆ. ಬೆರಳಿಗೆ ತರಿತರಿ ಅನ್ನಿಸಿದರೆ ಉಪ್ಪು ಇನ್ನೂ ಇದೆ ಅಂತ ಲೆಕ್ಕ, ಮತ್ತೊಮ್ಮೆ ನೀರು. ಜೂನ್, ಜುಲೈನಲ್ಲಿ ಮೀನುಗಾರಿಕೆ ನಿಷೇಧದ 61 ದಿನ ಅವು ಗೋಡೌನಿನ ತೊಲೆಯ ಮೇಲೆ. ಚೀಲ ಹಾಕುವುದಿಲ್ಲ, ನಮ್ಮ ಮಳೆಗೆ ಬಟ್ಟೆ ಬೂಷ್ಟು ಹಿಡಿಯುತ್ತದೆ. ಕೀಲು ಇವತ್ತಿಗೂ ಸಲೀಸಾಗಿ ತಿರುಗುತ್ತದೆ.

ಗೊರೂರು ಹಿನ್ನೀರಿಗೆ ಹಾಕಿಸಬಹುದಾ ಎಂದು ಹಾಸನದ ಗೆಳೆಯರು ಕೇಳುತ್ತಿರುತ್ತಾರೆ. ಬೇಡ. ಅಲ್ಲಿ ದೋಣಿ ನಿಧಾನ, ನೊರೆಯೂ ಕಡಿಮೆ. ಅಕ್ಕಪಕ್ಕ ಎರಡು ರಾಡ್ ಸಿಕ್ಕಿಸಿಕೊಂಡರೆ ಧಾರಾಳವಾಯಿತು. ಆ ದುಡ್ಡನ್ನು ಒಳ್ಳೆಯ ರೀಲಿಗೆ ಹಾಕಿ.