ಆಫ್‌ರೋಡ್ ಗಾಡಿಗೆ ಮೈಲೇಜ್ ಸಾಮಾನು: ಯಾವುದು ತಗೊಳ್ಳಬೇಕು, ಯಾವುದು ಬಿಡಬೇಕು

ಫೋರ್ ವೀಲ್ ಡ್ರೈವ್ ಗಾಡಿಯ ಮೈಲೇಜ್ ಹೆಚ್ಚಿಸುತ್ತೇವೆಂದು ಮಾರುವ ಸಾಮಾನುಗಳ ಪೈಕಿ ಗಾಳಿ ತುಂಬುವ 12 ವೋಲ್ಟ್ ಕಂಪ್ರೆಸರಿಗೆ ಮೊದಲ ಸ್ಥಾನ. ಡೀಸೆಲ್ ಪೈಪಿಗೆ ಕಟ್ಟುವ ಅಯಸ್ಕಾಂತಕ್ಕೆ ಸ್ಥಾನವೇ ಇಲ್ಲ. ಉಳಿದವೆಲ್ಲ ಇವೆರಡರ ನಡುವೆ ಬರುತ್ತವೆ.

ಇಂಥ ಗಾಡಿಗಳು ಹೆಚ್ಚು ಇಂಧನ ಕುಡಿಯುವುದಕ್ಕೆ ಎಂಜಿನ್ ಅಷ್ಟಾಗಿ ಕಾರಣವಲ್ಲ. ಸಾಮಾನ್ಯ ಸೆಡಾನ್ ಕಾರಿನ ಗಾಳಿತಡೆ ಗುಣಾಂಕ 0.25ರಿಂದ 0.30ರ ಆಸುಪಾಸಿನಲ್ಲಿದ್ದರೆ ಚೌಕಾಕಾರದ ಆಫ್‌ರೋಡ್ ಗಾಡಿಯದು 0.45ರಿಂದ 0.55ರವರೆಗೆ ಹೋಗುತ್ತದೆ. ಎದುರಿನ ಅಗಲ, ಎತ್ತರವೂ ಜಾಸ್ತಿ. ಅದರ ಮೇಲೆ ದಪ್ಪ ಬಟನ್ ಟೈರ್, ಎರಡು ಟನ್ ತೂಕ. ಹಾಗಾಗಿ ಗಾಳಿ, ಟೈರ್, ತೂಕ ಈ ಮೂರರಲ್ಲಿ ಒಂದನ್ನಾದರೂ ಮುಟ್ಟುವ ಸಾಮಾನಿಗೆ ಬೆಲೆಯುಂಟು. ಎಂಜಿನ್ನಿಗೆ ಏನನ್ನೋ ಸಿಕ್ಕಿಸಿ ಇಪ್ಪತ್ತು ಶೇಕಡಾ ಉಳಿಸುತ್ತೇನೆ ಎನ್ನುವುದನ್ನು ನಂಬುವ ಹಾಗಿಲ್ಲ.

ಸಾಮಾನು ಕೊಳ್ಳುವ ಮೊದಲು ಅಳತೆ ಸರಿ ಮಾಡಿಕೊಳ್ಳಿ. ಡ್ಯಾಶ್‌ಬೋರ್ಡ್ ತೋರಿಸುವ ಸರಾಸರಿ ಬೇಡ, ಫುಲ್ ಟ್ಯಾಂಕ್ ಲೆಕ್ಕವೇ ಬೇಕು. ಪಂಪಿನ ನಾಜಲ್ ತಾನಾಗಿ ಮೊದಲ ಸಲ ಕಟ್ ಆದಲ್ಲಿಗೆ ನಿಲ್ಲಿಸಬೇಕು, ಕತ್ತಿನ ತನಕ ತುಂಬಿಸಬಾರದು. ಕನಿಷ್ಠ 300 ಕಿ.ಮೀ. ಓಡಿಸಿ, ಅದೇ ಪಂಪಿನಲ್ಲಿ, ಗಾಡಿಯನ್ನು ಅದೇ ಮಟ್ಟಸ ಜಾಗದಲ್ಲಿ ನಿಲ್ಲಿಸಿ ಮತ್ತೆ ತುಂಬಿಸಿ. ಒಂದು ಟ್ಯಾಂಕಿನ ಲೆಕ್ಕ ನೋಡಿ ತೀರ್ಪು ಕೊಡಬೇಡಿ, ಮೂರು ಟ್ಯಾಂಕ್ ಬೇಕು.

ಟೈರ್ ಅಳತೆ ಬದಲಾಗಿದ್ದರೆ ಓಡೋಮೀಟರ್ ಲೆಕ್ಕವೂ ತಪ್ಪುತ್ತದೆ. ಕಂಪನಿ ಕೊಟ್ಟ 235/70 ಆರ್16 ಟೈರಿನ ವ್ಯಾಸ 735 ಮಿ.ಮೀ., ಅದರ ಬದಲು ಹಾಕಿದ 265/70 ಆರ್16ರ ವ್ಯಾಸ 777 ಮಿ.ಮೀ. ಅಂದರೆ ಶೇ. 5.7 ದೊಡ್ಡದು. ಮೀಟರ್ 400 ಕಿ.ಮೀ. ಎಂದಾಗ ಗಾಡಿ ನಿಜಕ್ಕೂ 423 ಕಿ.ಮೀ. ಓಡಿರುತ್ತದೆ. 40 ಲೀಟರ್ ಹಿಡಿದಿದ್ದರೆ ಮೀಟರ್ ಪ್ರಕಾರ ಲೀಟರಿಗೆ 10, ನಿಜದಲ್ಲಿ 10.6. ದೊಡ್ಡ ಟೈರ್ ಹಾಕಿಸಿದ ಮೇಲೆ ಮೈಲೇಜ್ ಪೂರ್ತಿ ಬಿತ್ತು ಎನ್ನುವವರಲ್ಲಿ ಎಷ್ಟೋ ಮಂದಿ ಈ ಗುಣಾಕಾರ ಮಾಡಿರುವುದಿಲ್ಲ. ಜಿಪಿಎಸ್ ಇಟ್ಟು 50 ಕಿ.ಮೀ. ಹೋಲಿಸಿ ನೋಡಿದರೆ ನಿಮ್ಮ ಗಾಡಿಯ ಮೀಟರ್ ಲೆಕ್ಕವನ್ನು ಎಷ್ಟರಿಂದ ಗುಣಿಸಬೇಕೆಂಬುದು ಸಿಗುತ್ತದೆ, ಬರೆದಿಟ್ಟುಕೊಳ್ಳಿ.

ಈಗ ಕಂಪ್ರೆಸರ್. ಮರಳು, ಕೆಸರು, ಕಲ್ಲುದಾರಿಗೆ ಟೈರಿನ ಗಾಳಿಯನ್ನು 18 ಪಿಎಸ್‌ಐಗೆ (ಗಾಳಿಯ ಒತ್ತಡದ ಅಳತೆ) ಇಳಿಸುವುದು ಎಲ್ಲರಿಗೂ ಗೊತ್ತು. ವಾಪಸ್ ತುಂಬುವ ಸಾಧನ ಕೈಯಲ್ಲಿಲ್ಲದೆ, ಮುಂದಿನ ಪಂಪಿನಲ್ಲಿ ನೋಡೋಣ ಎಂದು ಅದೇ ಟೈರಿನಲ್ಲಿ ಹೈವೇ ಹತ್ತುವುದೇ ತೊಂದರೆ. ಅಮೆರಿಕದ ಸರಕಾರಿ ಲೆಕ್ಕದಂತೆ ನಾಲ್ಕೂ ಟೈರಿನ ಸರಾಸರಿ ಒತ್ತಡ 1 ಪಿಎಸ್‌ಐ ಇಳಿದರೆ ಮೈಲೇಜ್ ಶೇ. 0.2ರಷ್ಟು ಇಳಿಯುತ್ತದೆ. 35 ಇರಬೇಕಾದಲ್ಲಿ 20 ಇದ್ದರೆ ಶೇ. 3 ಹೋಯಿತು, ಮತ್ತು ಅಷ್ಟು ಕೆಳಗೆ ಬಂದಾಗ ನಷ್ಟ ಈ ನೇರ ಲೆಕ್ಕಕ್ಕಿಂತ ಹೆಚ್ಚೇ ಆಗುತ್ತದೆ. ಇಂಧನಕ್ಕಿಂತ ದೊಡ್ಡ ಅಪಾಯ ಟೈರಿನ ಪಕ್ಕೆಯದು. ಮಡಚಿ ಮಡಚಿ ಕಾದು ವೇಗದಲ್ಲೇ ಸಿಡಿಯಬಹುದು.

265/70 ಆರ್16 ಟೈರನ್ನು 18ರಿಂದ 35ಕ್ಕೆ ಏರಿಸಲು ಹೊರಗಿನ ಗಾಳಿ ಸುಮಾರು 80 ಲೀಟರ್ ಬೇಕು. ಡಬ್ಬಿಯ ಮೇಲೆ ಬರೆದ ‘ನಿಮಿಷಕ್ಕೆ 35 ಲೀಟರ್’ ಎನ್ನುವುದು ಎದುರು ಒತ್ತಡವೇ ಇಲ್ಲದಾಗಿನ ಅಂಕಿ, ಒತ್ತಡ ಏರಿದಂತೆ ಅದು ಇಳಿಯುತ್ತದೆ. ಇಂಥ ಚಿಕ್ಕ ಯಂತ್ರ ನಾಲ್ಕನೇ ಟೈರಿಗೆ ಬರುವಷ್ಟರಲ್ಲಿ ಮುಟ್ಟಲಾಗದಷ್ಟು ಕಾದು ನಿಂತುಬಿಡುತ್ತದೆ. ಈ ಗಾತ್ರದ ಟೈರಿಗೆ 70 ಲೀಟರಿಗಿಂತ ಕಡಿಮೆಯದು ಬೇಡ. ಎಡೆಬಿಡದೆ ಎಷ್ಟು ನಿಮಿಷ ಓಡಿಸಬಹುದೆಂಬ ಸಾಲನ್ನೂ ಓದಿ, ಅದನ್ನು ಬರೆದೇ ಇರದ ಡಬ್ಬಿಯನ್ನು ವಾಪಸ್ ಇಡಿ. ಇಂಥವು 20ರಿಂದ 30 ಆಂಪಿಯರ್ ಎಳೆಯುವುದರಿಂದ ಸಿಗರೇಟ್ ಸಾಕೆಟ್ಟಿಗೆ ಹಾಕಿದರೆ ಫ್ಯೂಸ್ ಹೋಗುತ್ತದೆ. ನೇರ ಬ್ಯಾಟರಿಗೆ ಕ್ಲಿಪ್ ಹಾಕಿ, ಎಂಜಿನ್ ಚಾಲೂ ಇಟ್ಟೇ ತುಂಬಬೇಕು.

ಕಂಪ್ರೆಸರಿನ ಮೇಲಿರುವ ಮೀಟರನ್ನು ನೆಚ್ಚಿಕೊಳ್ಳಬೇಡಿ, ಬೇರೆ ಗೇಜ್ ಒಂದಿರಲಿ. ಓಡಿ ಕಾದ ಟೈರಿನಲ್ಲಿ ಒತ್ತಡ ನಾಲ್ಕೈದು ಪಿಎಸ್‌ಐ ಜಾಸ್ತಿ ತೋರಿಸುತ್ತದೆ. ಆದ್ದರಿಂದ ದಾರಿಯಲ್ಲಿ ತುಂಬುವಾಗ ಮೂರು ಪಿಎಸ್‌ಐ ಹೆಚ್ಚು ಹಾಕಿ, ಮರುದಿನ ಬೆಳಗ್ಗೆ ಗಾಡಿ ತೆಗೆಯುವ ಮುಂಚೆ ಸರಿ ಮಾಡಿ. ಹೊರಗಿನ ಉಷ್ಣತೆ 5–6 ಡಿಗ್ರಿ ಇಳಿದರೆ ಹೆಚ್ಚುಕಮ್ಮಿ 1 ಪಿಎಸ್‌ಐ ಇಳಿಯುತ್ತದೆ, ಚಳಿಗಾಲ ಶುರುವಾದಾಗ ಇದನ್ನು ಮರೆಯಬಾರದು. ಬಾಗಿಲ ಪಕ್ಕದ ಸ್ಟಿಕರಿನ ಅಂಕಿ ಕಂಪನಿ ಅಳತೆಯ ಟೈರಿಗೆ ಮಾತ್ರ. ಎಲ್‌ಟಿ (ಲೈಟ್ ಟ್ರಕ್) ಗುರುತಿನ ಟೈರ್ ಹಾಕಿಸಿದ್ದರೆ ಅದೇ ಭಾರಕ್ಕೆ ಹೆಚ್ಚು ಒತ್ತಡ ಬೇಕಾಗುತ್ತದೆ, ಟೈರ್ ಕಂಪನಿಯ ಭಾರದ ಪಟ್ಟಿ ನೋಡಿಯೇ ಹಾಕಿಸಿ.

ಎರಡನೆಯ ಸ್ಥಾನ ಓಬಿಡಿ ರೀಡರಿಗೆ, ಅಂದರೆ ಗಾಡಿಯ ಡಯಾಗ್ನೋಸ್ಟಿಕ್ ಸಾಕೆಟ್ಟಿಗೆ ಸಿಕ್ಕಿಸಿ ಎಂಜಿನ್ನಿನ ಅಂಕಿಗಳನ್ನು ಓದುವ ಸಾಧನಕ್ಕೆ. ಇದು ಸ್ವತಃ ಒಂದು ಹನಿಯನ್ನೂ ಉಳಿಸುವುದಿಲ್ಲ, ಎಲ್ಲಿ ಸೋರುತ್ತಿದೆ ಎಂದು ತೋರಿಸುತ್ತದೆ. ಮೊದಲು ನೋಡಬೇಕಾದದ್ದು ಕೂಲೆಂಟ್ ಉಷ್ಣತೆ. ಗಾಡಿ 20 ನಿಮಿಷ ಓಡಿದ ಮೇಲೂ 65–70 ಡಿಗ್ರಿಯಲ್ಲೇ ನಿಂತಿದ್ದು, ಇಳಿಜಾರಿನಲ್ಲಿ ಇನ್ನೂ ಕೆಳಗೆ ಹೋದರೆ ಥರ್ಮೋಸ್ಟಾಟ್ ವಾಲ್ವ್ (ಎಂಜಿನ್ ಬಿಸಿಯಾಗುವ ತನಕ ಕೂಲೆಂಟನ್ನು ರೇಡಿಯೇಟರಿಗೆ ಬಿಡದ ವಾಲ್ವ್) ತೆರೆದೇ ಉಳಿದಿದೆ ಎಂದರ್ಥ. ಎಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡು ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಹೆಚ್ಚು ಇಂಧನ ಬಿಡುತ್ತಲೇ ಇರುತ್ತದೆ. ಕೆಲವು ಗಾಡಿ ಪಿ0128 ಎಂಬ ದೋಷದ ಕೋಡ್ ಕೊಡುತ್ತವೆ, ಕೆಲವು ಸುಮ್ಮನಿರುತ್ತವೆ, ಮುಳ್ಳಿನ ಮೀಟರಿನಲ್ಲಂತೂ ಇದು ಕಣ್ಣಿಗೇ ಬೀಳದಿರಬಹುದು. ವಾಲ್ವ್ ಬದಲಿಸುವುದು ಸಣ್ಣ ಕೆಲಸ, ಸಿಗುವ ಫಲ ದೊಡ್ಡದು.

ಪೆಟ್ರೋಲ್ ಗಾಡಿಯಾದರೆ ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್, ಅಂದರೆ ಇಸಿಯು ಇಂಧನವನ್ನು ಶೇಕಡಾ ಎಷ್ಟು ಹೆಚ್ಚು-ಕಡಿಮೆ ಮಾಡುತ್ತಿದೆ ಎಂಬ ಅಂಕಿ ನೋಡಿ. ಸೊನ್ನೆಯ ಆಚೀಚೆ 5 ಇದ್ದರೆ ಆರೋಗ್ಯ. ಸದಾ +10 ದಾಟಿದ್ದರೆ ಇನ್‌ಟೇಕ್ ಹೋಸಿನಲ್ಲಿ ಸೋರಿಕೆ, ಕೊಳೆಯಾದ ಎಂಎಎಫ್ ಸೆನ್ಸರ್ (ಎಂಜಿನ್ನಿಗೆ ಹೋಗುವ ಗಾಳಿ ಅಳೆಯುವುದು) ಅಥವಾ ಕಡಿಮೆ ಇಂಧನ ಒತ್ತಡ, ಈ ಮೂರನ್ನು ಇದೇ ಕ್ರಮದಲ್ಲಿ ಪರೀಕ್ಷಿಸಿ. ಡೀಸೆಲ್‌ನವರಿಗೆ ಒಂದು ಎಚ್ಚರಿಕೆ: ಮೊಬೈಲ್ ಆಪ್‌ಗಳು ಎಂಎಎಫ್ ಸೆನ್ಸರಿನ ಗಾಳಿಯ ಲೆಕ್ಕವನ್ನು 14.7ರಿಂದ (ಪೆಟ್ರೋಲಿನ ಗಾಳಿ-ಇಂಧನ ಪ್ರಮಾಣ) ಭಾಗಿಸಿ ತೋರಿಸುವ ಮೈಲೇಜ್ ಪೆಟ್ರೋಲಿಗೆ ಮಾತ್ರ ಹೊಂದುತ್ತದೆ. ಡೀಸೆಲ್ ಎಂಜಿನ್ ಗಾಳಿಯನ್ನು ಯಾವಾಗಲೂ ಹೆಚ್ಚಾಗಿಯೇ ಎಳೆಯುತ್ತದೆ, ಗಾಳಿ-ಇಂಧನದ ಪ್ರಮಾಣ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ನಿಮ್ಮ ಗಾಡಿ ‘ಎಂಜಿನ್ ಫ್ಯುಯೆಲ್ ರೇಟ್’ ಎಂಬ ಅಂಕಿ ಕೊಟ್ಟರೆ ಅದನ್ನು ನಂಬಿ, ಇಲ್ಲದಿದ್ದರೆ ಫುಲ್ ಟ್ಯಾಂಕ್ ಲೆಕ್ಕಕ್ಕೇ ಮರಳಿ. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಡೀಸೆಲ್ ಗಾಡಿಯಲ್ಲಿ ರೀಜನರೇಶನ್, ಅಂದರೆ ಆ ಮಸಿಯನ್ನು ಸುಡುವ ಕೆಲಸ, ಎಷ್ಟು ಕಿ.ಮೀ.ಗೊಮ್ಮೆ ಆಗುತ್ತಿದೆ ಎಂಬುದನ್ನೂ ಗಮನಿಸಿ. ಬರೀ ನಾಲ್ಕೈದು ಕಿ.ಮೀ. ಓಡಿಸಿ ಆಫ್ ಮಾಡುವ ಗಾಡಿಯಲ್ಲಿ ಅದು ಅರ್ಧಕ್ಕೇ ನಿಂತು ಮತ್ತೆ ಮತ್ತೆ ಶುರುವಾಗಿ ಡೀಸೆಲ್ ಸುಡುತ್ತದೆ, ಎಂಜಿನ್ ಆಯಿಲಿಗೂ ಡೀಸೆಲ್ ಸೇರುತ್ತದೆ.

ರೀಡರ್ ಕೊಳ್ಳುವಾಗ ಇಎಲ್‌ಎಂ327 ಹೆಸರಿನ ನಕಲಿ ಚಿಪ್‌ಗಳ ಬಗ್ಗೆ ಹುಷಾರು. ಕೆಲವು ಆದೇಶಗಳಿಗೆ ಉತ್ತರವೇ ಬರುವುದಿಲ್ಲ, ಸಂಪರ್ಕ ಕಡಿದುಹೋಗುತ್ತದೆ. ಕೆಲಸವಾದ ಮೇಲೆ ಕಿತ್ತಿಡಿ, ವಾರಗಟ್ಟಲೆ ನಿಂತ ಗಾಡಿಯಲ್ಲಿ ಅದು ಬ್ಯಾಟರಿ ಹೀರುತ್ತದೆ. ಇದೇ ಸಾಕೆಟ್ಟಿಗೆ ಸಿಕ್ಕಿಸುವ ‘ಇಂಧನ ಉಳಿತಾಯ’ದ ಪುಟ್ಟ ಪ್ಲಗ್ಗನ್ನು ಇದರ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಅವುಗಳನ್ನು ಬಿಚ್ಚಿ ನೋಡಿದವರಿಗೆ ಸಿಕ್ಕಿದ್ದು ಮಿನುಗುವ ಎಲ್‌ಇಡಿ ದೀಪ ಮತ್ತು ಅದನ್ನು ಮಿನುಗಿಸುವ ಚಿಪ್ ಮಾತ್ರ.

ಟೈರಿನ ವಿಷಯದಲ್ಲಿ ಜನ ಕೇಳಲು ಇಷ್ಟಪಡದ ಮಾತನ್ನು ಹೇಳಲೇಬೇಕು. ನೂರರಲ್ಲಿ ತೊಂಬತ್ತು ಕಿ.ಮೀ. ಡಾಂಬರಿನಲ್ಲೇ ಓಡುವ ಗಾಡಿಗೆ ಮಡ್ ಟೆರೇನ್ ಟೈರ್ ದಂಡ. ರೋಲಿಂಗ್ ತಡೆ (ಟೈರ್ ಉರುಳುವಾಗ ಎದುರಿಸುವ ತಡೆ) ಶೇ. 10 ಕಡಿಮೆಯಾದರೆ ಇಂಧನ ಶೇ. 1ರಿಂದ 2 ಉಳಿಯುತ್ತದೆ ಎಂಬುದು ಒಪ್ಪಿತ ಲೆಕ್ಕ, ಮಡ್ ಟೈರಿಗೂ ಹೈವೇ ಟೈರಿಗೂ ಇರುವ ಅಂತರ ಅದಕ್ಕಿಂತ ಎಷ್ಟೋ ಹೆಚ್ಚು. ಆಲ್ ಟೆರೇನ್ ಟೈರ್ ಮಧ್ಯದ ದಾರಿ, ಆದರೆ ಅದರಲ್ಲೂ ಕಂಪನಿ ಅಳತೆಯದ್ದೇ ಇರಲಿ. ಒಂದೊಂದು ಟೈರಿನ ತೂಕ ಕೇಳಿ, ಒಂದೇ ಅಳತೆಯಲ್ಲಿ ಎರಡು ತಯಾರಿಕೆಗಳ ನಡುವೆ ನಾಲ್ಕೈದು ಕೆಜಿ ವ್ಯತ್ಯಾಸ ಇರುವುದುಂಟು. ಸಿಟಿಯಲ್ಲಿ ನಿಂತು ಹೊರಡುವಾಗಲೆಲ್ಲ ಆ ತೂಕವನ್ನು ತಿರುಗಿಸಬೇಕಾದದ್ದು ಎಂಜಿನ್. ಯುರೋಪಿನ ಲೇಬಲ್ ಇರುವ ಟೈರಾದರೆ ಇಂಧನದ ಎ-ಇಂದ-ಇ ಶ್ರೇಣಿ ನೇರ ಹೋಲಿಕೆಗೆ ಸಿಗುತ್ತದೆ. ದೊಡ್ಡ ಟೈರ್ ಹಾಕಿಯೇ ತೀರುತ್ತೀರಾದರೆ ಡಿಫರೆನ್ಶಿಯಲ್ (ಡಿಫ್, ಆಕ್ಸಲಿನ ಎರಡೂ ಚಕ್ರಕ್ಕೆ ಶಕ್ತಿ ಹಂಚುವ ಭಾಗ) ಗೇರಿನ ಲೆಕ್ಕ ಹಾಕಿ: 4.10 ಅನುಪಾತದ ಗಾಡಿಗೆ ಮೇಲಿನ ಉದಾಹರಣೆಯ ಟೈರ್ ಹಾಕಿದರೆ ಅದು 3.88ರಂತೆ ವರ್ತಿಸುತ್ತದೆ. ಏರಿನಲ್ಲಿ ಟಾಪ್ ಗೇರ್ ಎಳೆಯುವುದಿಲ್ಲ, ಕೆಳಗಿನ ಗೇರಿನಲ್ಲೇ ಓಡಿಸುತ್ತೀರಿ, ಉಳಿತಾಯವಾಗಬೇಕಿದ್ದದ್ದು ಅಲ್ಲೇ ಸೋರಿಹೋಗುತ್ತದೆ.

ರೂಫ್ ಕ್ಯಾರಿಯರಿಗೆ ವಿಮರ್ಶೆ ಒಂದೇ ಸಾಲಿನದು: ಬೋಲ್ಟ್ ಬಿಚ್ಚಲು ಹತ್ತು ನಿಮಿಷಕ್ಕಿಂತ ಹೆಚ್ಚು ಹಿಡಿಯುವುದನ್ನು ಕೊಳ್ಳಬೇಡಿ. ಬಿಚ್ಚಲು ಕಷ್ಟವಾದದ್ದು ವರ್ಷಪೂರ್ತಿ ಮೇಲೆಯೇ ಇರುತ್ತದೆ. ಮೇಲೆ ಕಟ್ಟಿದ ದೊಡ್ಡ ಲಗೇಜ್ ಪೆಟ್ಟಿಗೆ ಸಿಟಿಯಲ್ಲಿ ಶೇ. 2ರಿಂದ 8, ಗಂಟೆಗೆ 105–120 ಕಿ.ಮೀ. ವೇಗದಲ್ಲಿ ಶೇ. 10ರಿಂದ 25ರಷ್ಟು ಮೈಲೇಜ್ ತಿನ್ನುತ್ತದೆ ಎಂಬುದು ಅದೇ ಅಮೆರಿಕದ ಸರಕಾರಿ ಅಂಕಿ. ಟೆಂಟ್, ಜೆರಿಕ್ಯಾನ್, ಲೈಟ್ ಬಾರ್ ಎಲ್ಲವೂ ಇದೇ ಲೆಕ್ಕಕ್ಕೆ ಬರುತ್ತವೆ. ಮುಂದೆ ಹಾಕುವ ಗಾಳಿ ತಿರುಗಿಸುವ ಪಟ್ಟಿಯಿಂದ ಶಬ್ದ ಇಳಿಯುತ್ತದೆ, ತಡೆಯೂ ತುಸು ಇಳಿಯುತ್ತದೆ, ಆದರೆ ಖಾಲಿ ಛಾವಣಿಗೆ ಅದು ಸಮವಲ್ಲ. ವೇಗದ ಲೆಕ್ಕವೂ ಇಲ್ಲೇ ಸೇರಿದೆ: ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ 80ರಿಂದ 100ಕ್ಕೆ ಹೋದರೆ ಅದು ಶೇ. 56 ಹೆಚ್ಚುತ್ತದೆ. ಯಾವ ಅಂಗಡಿಯಲ್ಲೂ ಸಿಗದ ಸಾಧನ ಇದು, ಕಾಲ ಬೆರಳಿನಲ್ಲಿದೆ.

ತೂಕದಲ್ಲಿ ನಮಗೆ ಮೆಚ್ಚುಗೆಯಾದ ಬದಲಾವಣೆ ವಿಂಚಿನ (ಸಿಕ್ಕಿಬಿದ್ದ ಗಾಡಿ ಎಳೆಯುವ ಯಂತ್ರ) ಉಕ್ಕಿನ ಹಗ್ಗ ತೆಗೆದು ಸಿಂಥೆಟಿಕ್ ಹಗ್ಗ ಹಾಕುವುದು. 28 ಮೀಟರಿಗೆ ಏಳೆಂಟು ಕೆಜಿ ಇಳಿಯುತ್ತದೆ. ಮೈಲೇಜಿಗೆ ಅದು ನಗಣ್ಯ, 45 ಕೆಜಿ ಇಳಿಸಿದರೂ ಶೇ. 1ರಷ್ಟೇ. ಆದರೂ ತುಂಡಾದಾಗ ಚಾಟಿಯಂತೆ ಬೀಸುವ ಅಪಾಯ ಕಡಿಮೆ ಎಂಬ ಕಾರಣಕ್ಕೆ ಮಾಡಿಸುವುದು ಒಳ್ಳೆಯದು.

ಪಾರ್ಟ್ ಟೈಮ್ ಫೋರ್ ವೀಲ್ ಗಾಡಿಗೆ (ಬೇಕೆಂದಾಗ ಮಾತ್ರ ನಾಲ್ಕೂ ಚಕ್ರ ಎಳೆಯುವುದು) ಕೈಯಿಂದ ತಿರುಗಿಸುವ ಲಾಕಿಂಗ್ ಹಬ್, ಅಂದರೆ ಮುಂದಿನ ಚಕ್ರವನ್ನು ಆಕ್ಸಲಿಗೆ ಸೇರಿಸುವ, ಬಿಡಿಸುವ ಭಾಗ, ಒಳ್ಳೆಯ ಸಾಮಾನು. ‘ಫ್ರೀ’ ಇಟ್ಟಾಗ ಮುಂದಿನ ಆಕ್ಸಲ್ ಶಾಫ್ಟ್, ಡಿಫ್, ಪ್ರೊಪೆಲರ್ ಶಾಫ್ಟ್ ಸುಮ್ಮನೆ ತಿರುಗುವುದು ನಿಲ್ಲುತ್ತದೆ. ಲಾಭ ಸಣ್ಣದು, ಆದರೆ ನಿಜವಾದದ್ದು, ಸ್ಟೇರಿಂಗೂ ಹಗುರಾಗುತ್ತದೆ. ಎರಡೂ ಕಡೆ ಒಂದೇ ಸ್ಥಾನದಲ್ಲಿರಬೇಕು. ಒಂದು ಲಾಕ್, ಒಂದು ಫ್ರೀ ಆದರೆ ಫೋರ್ ವೀಲ್ ಹಾಕಿದಾಗ ಡಿಫ್ ಫ್ರೀ ಕಡೆಯನ್ನೇ ತಿರುಗಿಸುತ್ತದೆ, ಮುಂದಿನ ಚಕ್ರ ಎಳೆಯುವುದೇ ಇಲ್ಲ. ತಿಂಗಳಿಗೊಮ್ಮೆ ಹಬ್ ಮಾತ್ರ ಲಾಕ್ ಮಾಡಿ, ಟೂ ವೀಲಿನಲ್ಲೇ ಹತ್ತು ಕಿ.ಮೀ. ಓಡಿಸಿ, ಮುಂದಿನ ಗೇರುಗಳಿಗೆ ಆಯಿಲ್ ಹರಿಯಲಿ. ನೀರು ದಾಟಿದ ಮೇಲೆ ಹಬ್ ಬಿಚ್ಚಿ ನೋಡಿ, ಗ್ರೀಸ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಬದಲಿಸಿ. ಸದಾ ನಾಲ್ಕೂ ಚಕ್ರ ಎಳೆಯುವ, ಸೆಂಟರ್ ಡಿಫ್ ಇರುವ ಫುಲ್ ಟೈಮ್ ಗಾಡಿಗೆ ಇದನ್ನು ಹಾಕಿಸಬೇಡಿ.

ಆಯಿಲ್: ಮ್ಯಾನ್ಯುವಲ್ ಹೇಳಿದ ಗ್ರೇಡ್ ಹಾಕಿದರೆ ಶೇ. 1ರಿಂದ 2 ಉಳಿಯುತ್ತದೆ. 5ಡಬ್ಲ್ಯು-30 ಎಂದಿರುವಲ್ಲಿ ದಪ್ಪವಿದ್ದರೆ ಒಳ್ಳೆಯದೆಂದು 15ಡಬ್ಲ್ಯು-40 ಹಾಕುವುದು ರೂಢಿ, ಅದನ್ನು ಬಿಡಿ. ಜಿಎಲ್-4 ದರ್ಜೆಯ ಆಯಿಲ್ ಕೇಳುವ ಗೇರ್‌ಬಾಕ್ಸಿಗೆ ಡಿಫ್‌ನ ಜಿಎಲ್-5 ಹಾಕಬೇಡಿ, ಹಿತ್ತಾಳೆಯ ಸಿಂಕ್ರೊ ರಿಂಗುಗಳು ಸವೆಯುತ್ತವೆ.

ಏರ್ ಫಿಲ್ಟರ್ ಬಗ್ಗೆ 2009ರಲ್ಲಿ ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ ಪರೀಕ್ಷೆ ಮಾಡಿತ್ತು: ಫ್ಯುಯೆಲ್ ಇಂಜೆಕ್ಷನ್ ಪೆಟ್ರೋಲ್ ಗಾಡಿಯಲ್ಲಿ ಕಟ್ಟಿಕೊಂಡ ಫಿಲ್ಟರ್ ಬದಲಿಸಿದರೆ ಪಿಕಪ್ ಸುಧಾರಿಸುತ್ತದೆ, ಮೈಲೇಜ್ ಅಲ್ಲ. ಎಣ್ಣೆ ಸವರಿದ ಹತ್ತಿಯ ಫಿಲ್ಟರ್ ಧೂಳಿನ ದಾರಿಗೆ ನಮ್ಮ ಆಯ್ಕೆಯಲ್ಲ. ಎಣ್ಣೆ ಹೆಚ್ಚಾದರೆ ಎಂಎಎಫ್ ಸೆನ್ಸರಿಗೆ ಅಂಟುತ್ತದೆ, ಕಡಿಮೆಯಾದರೆ ಧೂಳು ಒಳಗೆ ಹೋಗುತ್ತದೆ. ಕಾಗದದ್ದನ್ನೇ ಹಾಕಿ, ಬೇಗ ಬೇಗ ಬದಲಿಸಿ. ಆಕ್ಸಿಲರೇಟರ್ ಪೆಡಲಿಗೆ ಜೋಡಿಸುವ ಪೆಡಲ್ ಬಾಕ್ಸ್ ಇಂಧನವನ್ನು ಮುಟ್ಟುವುದೇ ಇಲ್ಲ, ಪೆಡಲಿನ ಸಿಗ್ನಲನ್ನು ಹಿಗ್ಗಿಸುತ್ತದೆ ಅಷ್ಟೆ. ಡೀಸೆಲ್ ಟ್ಯೂನಿಂಗ್ ಬಾಕ್ಸ್ ರೈಲ್ ಪ್ರೆಶರ್ (ಇಂಜೆಕ್ಟರಿಗೆ ಹೋಗುವ ಡೀಸೆಲ್ ಒತ್ತಡ) ಸೆನ್ಸರಿನ ಸಿಗ್ನಲ್ ಬದಲಿಸಿ ಇಸಿಯುಗೆ ಸುಳ್ಳು ಹೇಳಿ ಹೆಚ್ಚು ಡೀಸೆಲ್ ಹಾಕಿಸುತ್ತದೆ. ಟಾರ್ಕ್ ಬರುತ್ತದೆ, ಜೊತೆಗೆ ಹೊಗೆ, ಸುಡುವ ಎಕ್ಸಾಸ್ಟ್, ಜಾರುವ ಕ್ಲಚ್. ಅಯಸ್ಕಾಂತ, ಇನ್‌ಟೇಕಿನ ಫ್ಯಾನ್, ನೀರಿನಿಂದ ಹೈಡ್ರೋಜನ್ ಮಾಡುವ ಕಿಟ್ ಇವುಗಳ ಹತ್ತಿರ ಹೋಗಬೇಡಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಇಂಥ ನೂರಕ್ಕೂ ಹೆಚ್ಚು ಸಾಧನ ಪರೀಕ್ಷಿಸಿದೆ, ಬಹುಪಾಲಿಗೆ ಗಮನಾರ್ಹ ಫಲವೇ ಇರಲಿಲ್ಲ.

ಕೊನೆಯದಾಗಿ, ಯಾರೂ ಮೈಲೇಜ್ ಸಾಮಾನು ಎಂದು ಮಾರದ ಇನ್‌ಫ್ರಾರೆಡ್ ಥರ್ಮಾಮೀಟರ್. ಕೆಸರು, ನೀರಿನಲ್ಲಿ ಓಡಿದ ಗಾಡಿಯಲ್ಲಿ ಕ್ಯಾಲಿಪರಿನ (ಡಿಸ್ಕನ್ನು ಒತ್ತಿ ಹಿಡಿಯುವ ಬ್ರೇಕ್ ಭಾಗ) ಸ್ಲೈಡ್ ಪಿನ್ ತುಕ್ಕು ಹಿಡಿದು ಬ್ರೇಕ್ ಹಿಡಿದುಕೊಳ್ಳುವುದು ಸಾಮಾನ್ಯ. ಇಪ್ಪತ್ತು ಕಿ.ಮೀ. ಓಡಿಸಿ, ಬ್ರೇಕ್ ಆದಷ್ಟು ಒತ್ತದೆ ನಿಲ್ಲಿಸಿ, ಒಂದೇ ಆಕ್ಸಲಿನ ಎಡಬಲ ಚಕ್ರ ಹೋಲಿಸಿ. ಹೊಳೆಯುವ ಡಿಸ್ಕಿಗೆ ಗುರಿ ಇಟ್ಟರೆ ಅಂಕಿ ತಪ್ಪು ಬರುತ್ತದೆ, ಕ್ಯಾಲಿಪರಿನ ಮೈಗೋ ಹಬ್ಬಿಗೋ ಹಿಡಿಯಿರಿ. ಒಂದು ಕಡೆ 20–30 ಡಿಗ್ರಿ ಹೆಚ್ಚಿದ್ದರೆ ಜಾಕ್ ಕೊಟ್ಟು ಚಕ್ರ ಕೈಯಲ್ಲಿ ತಿರುಗಿಸಿ ನೋಡಿ. ಬಿಗಿಯಿದ್ದರೆ ಪಿನ್ ಬಿಚ್ಚಿ, ತುಕ್ಕು ತೆಗೆದು, ಹರಿದ ರಬ್ಬರ್ ಬೂಟ್ ಬದಲಿಸಿ. ಸವರಬೇಕಾದದ್ದು ಬ್ರೇಕಿನ ಸಿಲಿಕೋನ್ ಗ್ರೀಸ್. ಸಾಮಾನ್ಯ ಗ್ರೀಸ್ ಹಾಕಿದರೆ ರಬ್ಬರ್ ಊದಿಕೊಂಡು ಕೆಲವೇ ತಿಂಗಳಲ್ಲಿ ಪಿನ್ ಮತ್ತೆ ಹಿಡಿದುಕೊಳ್ಳುತ್ತದೆ.