ಪೊಟ್ಟಣ ಕೈಗೆ ಬರುವ ಮೊದಲು ಮುಖ ತೋರಿಸಬೇಡಿ

ಅಂಗನವಾಡಿಯಿಂದ ಮಗುವಿಗೆ ಆಹಾರ ತರುವ ತಾಯಂದಿರೇ, ಪೊಟ್ಟಣ ಕೈಗೆ ಬರುವ ಮೊದಲು ಯಾರ ಮೊಬೈಲಿಗೂ ಮುಖ ತೋರಿಸಬೇಡಿ. ನಾನು ತೋರಿಸಿದೆ. ಎರಡು ತಿಂಗಳ ಪುಷ್ಟಿ ಪುಡಿ, ಹಾಲಿನ ಪುಡಿ ನನ್ನ ಮಗಳ ಹೆಸರಿನಲ್ಲಿ ಖರ್ಚು ಬಿದ್ದಿದೆ. ಮನೆಗೆ ಒಂದು ಚಮಚವೂ ಬಂದಿಲ್ಲ.

ಮಗಳಿಗೆ 14 ತಿಂಗಳು. ಆರು ತಿಂಗಳು ತುಂಬಿದಾಗಿನಿಂದ ಮೂರು ವರ್ಷದವರೆಗೆ ಆಹಾರವನ್ನು ಮನೆಗೇ ಕೊಡುವುದು ನಿಮಗೆ ಗೊತ್ತೇ ಇದೆ. 2025ರ ಜುಲೈನಿಂದ ಅದಕ್ಕೆ ಅಂಗನವಾಡಿಯವರ ಮೊಬೈಲಿನ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಮುಖ ತೋರಿಸುವುದು ಕಡ್ಡಾಯ. ಒಮ್ಮೆ ಆಧಾರ್ ಜೋಡಣೆ, ಆಮೇಲೆ ಆಹಾರ ಪಡೆಯುವಾಗಲೆಲ್ಲ ಮುಖ. ಇಲ್ಲದ ಮಕ್ಕಳ ಹೆಸರು ಬರೆದು ಸಾಮಾನು ಎತ್ತುವುದು ನಿಲ್ಲಲಿ ಎಂದು ಮಾಡಿದ್ದು, ಒಳ್ಳೆಯದೇ. ಆದರೆ ಆ ಮುಖವೇ ಸಹಿ ಎಂದು ನನಗೆ ಯಾರೂ ಹೇಳಲಿಲ್ಲ.

ಅಂಗನವಾಡಿ ಟೀಚರ್ ಮನೆ ಬಾಗಿಲಿಗೇ ಬಂದಿದ್ದರು. ನಾನು ಮಗುವಿಗೆ ಎಣ್ಣೆ ಹಚ್ಚುತ್ತಿದ್ದೆ. "ಕೆವೈಸಿ ಇನ್ನೊಮ್ಮೆ ಆಗಬೇಕಂತೆ, ಇಲ್ಲಿ ನೋಡಿ ಕಣ್ಣು ಮಿಟುಕಿಸಮ್ಮ" ಎಂದರು. ಮಿಟುಕಿಸಿದೆ. ಮುಂದಿನ ತಿಂಗಳು ಮತ್ತೆ ಬಂದರು. "ಹೋದ ಸಲ ನೆಟ್‌ವರ್ಕ್ ಇರಲಿಲ್ಲ." ಮತ್ತೆ ಮಿಟುಕಿಸಿದೆ. ನಗುತ್ತಾ ಬೇರೆ!

ಕೇಂದ್ರಕ್ಕೆ ಹೋಗಿ ಕೇಳಿದರೆ "ಸ್ಟಾಕ್ ಬಂದಿಲ್ಲಮ್ಮ." ಪಕ್ಕದ ಮನೆಯವಳು ಚೀಲ ಹಿಡಿದು ಬಂದದ್ದನ್ನು ನೋಡಿ ಮತ್ತೆ ಓಡಿದೆ. ಈಗ ಮಾತು ಬದಲಾಗಿತ್ತು. "ನಿಮ್ಮದು ಆಗಿಹೋಗಿದೆಯಲ್ಲ?"

"ಯಾರು ತೆಗೆದುಕೊಂಡರು?"

"ನೀವೇ. ನಿಮ್ಮದೇ ಮುಖ ಬಂದಿದೆ."

ನಿಮ್ಮದೇ ಮುಖ. ಅಷ್ಟು ಜನ ತಾಯಂದಿರ ಮುಂದೆ ಕಳ್ಳಿಯಂತೆ ನಿಂತಿದ್ದೆ. ಒಟಿಪಿ ಯಾರಿಗೂ ಹೇಳಬೇಡಿ ಎಂದು ಅತ್ತೆಗೆ ದಿನಕ್ಕೆರಡು ಸಲ ಪಾಠ ಹೇಳುವವಳು ನಾನು. ಈಗ ಅವರು ಕೇಳುತ್ತಾರೆ, "ಒಟಿಪಿ ಕೊಡಬಾರದು, ಮುಖ ಕೊಡಬಹುದೇನಮ್ಮ?" ಏನು ಉತ್ತರ ಕೊಡಲಿ?

ಮೇಲ್ವಿಚಾರಕಿಗೆ ಫೋನ್ ಮಾಡಿದೆ. "ಮುಖ ಹೊಂದಿದೆ ಎಂದ ಮೇಲೆ ಕೊಟ್ಟೇ ಇರುತ್ತಾರೆ" ಎಂದರು. ಆಮೇಲೆ, "ಒಂದು ಪುಡಿಗೆ ಇಷ್ಟು ರಂಪ ಏಕೆ?" ಒಂದು ಪುಡಿ! ಈ ವಯಸ್ಸಿನ ಮಗುವಿಗೆ ಪೌಷ್ಟಿಕ ಆಹಾರ ಕೊಡಬೇಕೆಂದು 2013ರ ಆಹಾರ ಭದ್ರತಾ ಕಾಯ್ದೆಯಲ್ಲೇ ಇದೆ. ನಾನು ಕೇಳಿದ್ದು ಅದನ್ನು, ದಾನವನ್ನಲ್ಲ.

ಕೊನೆಗೆ ಟೀಚರ್ ಮೆಲ್ಲಗೆ ಹೇಳಿದರು, "ತಿಂಗಳ ಕೊನೆಗೆ ಎಲ್ಲರದ್ದೂ ಆಗಿದೆ ಎಂದು ತೋರಿಸದಿದ್ದರೆ ಮೇಲಿನವರು ಬಯ್ಯುತ್ತಾರೆ. ಸಾಮಾನು ಬಂದಾಗ ಕೊಡೋಣ ಎಂದುಕೊಂಡೆ." ಇರಬಹುದು. ಅವರಿಗೆ ಸಿಗುವ ಗೌರವಧನ ಎಷ್ಟೆಂದು ಗೊತ್ತು, ಅವರು ಮುಷ್ಕರ ಕೂತಾಗ ನಾನೂ ಅವರ ಪರವಾಗಿಯೇ ಮಾತನಾಡಿದ್ದೆ. ಆದರೆ ಸಾಮಾನು ಬಂತಲ್ಲ, ಪಕ್ಕದ ಮನೆಗೆ ಹೋಯಿತಲ್ಲ? ನನ್ನ ಮಗುವಿನ ಪಾಲು ಎಲ್ಲಿ? ಇದಕ್ಕೆ ಮಾತ್ರ ಯಾರ ಬಳಿಯೂ ಉತ್ತರವಿಲ್ಲ.

ಆದ್ದರಿಂದ ಕೆವೈಸಿ, ನವೀಕರಣ, ನೆಟ್‌ವರ್ಕ್, ಏನೇ ನೆಪ ಹೇಳಲಿ, ಪರದೆಯಲ್ಲಿ ಏನು ಬರೆದಿದೆ ಎಂದು ಮೊದಲು ಓದಿಸಿಕೊಳ್ಳಿ. ಮೋಸ ಕಂಡರೆ ಪೋಷಣ್ ಸಹಾಯವಾಣಿ 14408ಕ್ಕೆ ಕರೆ ಮಾಡಿ. ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಬರೆದುಕೊಟ್ಟು, ಪ್ರತಿಯ ಮೇಲೆ ಮುದ್ರೆ ಹಾಕಿಸಿಕೊಳ್ಳಿ. ಬಾಯಿಮಾತಿನ ದೂರು ಬಾಗಿಲು ದಾಟುವುದಿಲ್ಲ, ನನ್ನದೂ ದಾಟಲಿಲ್ಲ.

ಈ ತಿಂಗಳು ಟೀಚರ್ ಮೊಬೈಲ್ ಎತ್ತಿದ ಕೂಡಲೇ ಸೆರಗಿನಿಂದ ಮುಖ ಮುಚ್ಚಿಕೊಂಡು ಚೀಲವನ್ನು ಮುಂದೆ ಹಿಡಿದೆ. ಪೊಟ್ಟಣ ಬಿತ್ತು. ಹಳೆಯ ಎರಡು ತಿಂಗಳಿನದು ಇನ್ನೂ ಬಂದಿಲ್ಲ.