‘ಎಲ್ಲ ಸೈಕಲ್ಲಿಗೂ ಆಗುತ್ತದೆ’ ಎಂಬ ಸ್ಟ್ಯಾಂಡನ್ನು ಟ್ರೈಕ್ ಇರುವವರು ಕೊಳ್ಳಬೇಡಿ

ಒರಗಿ ಕುಳಿತು ತುಳಿಯುವ ರಿಕಂಬೆಂಟ್ ಸೈಕಲ್ಲೋ ಮೂರು ಚಕ್ರದ ಟ್ರೈಕೋ ನಿಮ್ಮ ಮನೆಯಲ್ಲಿದ್ದರೆ, ಕ್ಲ್ಯಾಂಪಿನಿಂದ ಕಚ್ಚಿ ಹಿಡಿಯುವ ಮಾಮೂಲಿ ರಿಪೇರಿ ಸ್ಟ್ಯಾಂಡಿನ ಸಹವಾಸಕ್ಕೆ ಹೋಗಬೇಡಿ. ಮಾರುವವರು ಎಷ್ಟೇ ಭರವಸೆ ಕೊಡಲಿ. ಕಾರವಾರದ ನಮ್ಮ ಮನೆಯಲ್ಲಿ ಅಂಥದ್ದೊಂದು ಸ್ಟ್ಯಾಂಡ್ ಅಕ್ಕನ ಟ್ರೈಕನ್ನು ಹಾಳು ಮಾಡಿದೆ.

ಬೆನ್ನುನೋವಿನಿಂದ ಮಾಮೂಲಿ ಸೈಕಲ್ ಬಿಟ್ಟಿದ್ದ ಅಕ್ಕ ಕೋಡಿಬಾಗದ ಕಡೆಗೆ ಮತ್ತೆ ಸವಾರಿ ಹೊರಡುವಂತಾದದ್ದು ಈ ಟ್ರೈಕಿನಿಂದ. ಮುಂದೆ ಎರಡು ಚಕ್ರ, ಹಿಂದೆ ಒಂದು. ಟ್ಯಾಡ್‌ಪೋಲ್ ಎನ್ನುವ ಮಾದರಿ. ತೂಕ 18 ಕಿಲೊ. ಸ್ಟ್ಯಾಂಡ್ ಮಾರುವ ಆನ್‌ಲೈನ್ ಅಂಗಡಿಯ ಪುಟದಲ್ಲಿ ‘25 ಕಿಲೊವರೆಗೆ, ಎಲ್ಲ ಬಗೆಯ ಸೈಕಲ್ಲಿಗೂ’ ಎಂದು ದಪ್ಪಕ್ಷರದಲ್ಲಿತ್ತು. ಟ್ರೈಕಿಗೆ ಆಗುತ್ತದೆಯೇ ಎಂದು ಬರೆದು ಕೇಳಿದೆವು. ‘ಖಂಡಿತ ಆಗುತ್ತದೆ’ ಎಂಬ ಉತ್ತರವೂ ಬಂತು.

ಮಾಮೂಲಿ ಸೈಕಲ್ಲನ್ನು ಸೀಟಿನ ಕೆಳಗಿನ ಕಂಬದಲ್ಲಿ ಹಿಡಿಯುತ್ತಾರೆ. ಟ್ರೈಕಿಗೆ ಆ ಕಂಬವೇ ಇಲ್ಲ. ಕ್ಲ್ಯಾಂಪಿನ ಬಾಯಿಗೆ ಸಿಗುವುದು ಪೆಡಲುಗಳನ್ನು ಹೊತ್ತು ಮುಂದಕ್ಕೆ ಚಾಚಿದ ಬೂಮ್ ಒಂದೇ, ಸ್ಟ್ಯಾಂಡಿನ ಜೊತೆ ಬಂದ ಚೀಟಿಯಲ್ಲೂ ಅಲ್ಲೇ ಹಿಡಿಯಿರಿ ಎಂದಿತ್ತು. ಆದರೆ ಟ್ರೈಕಿನ ಭಾರವೆಲ್ಲ ಅಲ್ಲಿಂದ ಹಿಂದೆ, ಸೀಟಿನ ಆಸುಪಾಸಿನಲ್ಲಿರುತ್ತದೆ. 18 ಕಿಲೊ ಭಾರ ಅರ್ಧ ಮೀಟರ್ ಆಚೆ ತೂಗಿದರೆ ಹಿಡಿತದ ಮೇಲೆ ಬೀಳುವ ತಿರುಗುಬಲ ಸುಮಾರು 90 ನ್ಯೂಟನ್ ಮೀಟರ್. ಇಪ್ಪತ್ತೈದು ಕಿಲೊ ಎಂಬ ಅಂಕಿಗೂ ಇದಕ್ಕೂ ಸಂಬಂಧವೇ ಇಲ್ಲ. ಗೇರ್ ಸರಿಪಡಿಸುತ್ತಿದ್ದಾಗ ಕ್ಲ್ಯಾಂಪಿನ ತಲೆ ಗರ್ರನೆ ತಿರುಗಿತು, ಭಾರ ಮೂರು ಕಾಲುಗಳ ಆಚೆ ಜಾರಿತು, ಸ್ಟ್ಯಾಂಡ್ ಸಮೇತ ಎಲ್ಲವೂ ಅಂಗಳದ ಚಿರೇಕಲ್ಲಿನ ಮೇಲೆ ಬಿತ್ತು. ಅಕ್ಕನ ಕೈ ಕೆಳಗೆ ಸಿಕ್ಕದಿದ್ದುದು ಪುಣ್ಯ.

ಬಾಗಿದ ಚೈನ್ ಚಕ್ರವನ್ನಾದರೂ ಬದಲಿಸಬಹುದು. ಬೂಮಿಗೆ ಆದದ್ದು ಸರಿಹೋಗುವಂಥದ್ದಲ್ಲ. ಅದು ತೆಳು ಗೋಡೆಯ ಅಲ್ಯೂಮಿನಿಯಂ ಕೊಳವೆ. ಸವಾರರ ಕಾಲಿನ ಉದ್ದಕ್ಕೆ ತಕ್ಕಂತೆ ಮುಖ್ಯ ಫ್ರೇಮಿನೊಳಗೆ ಸರಿದು ಕೂರಬೇಕು. ಕ್ಲ್ಯಾಂಪ್ ಕಚ್ಚಿದ ಜಾಗದಲ್ಲಿ ಬೆರಳಾಡಿಸಿದರೆ ಎರಡೂ ಬದಿಯಲ್ಲಿ ತಗ್ಗು ತಿಳಿಯುತ್ತದೆ. ದುಂಡಗಿದ್ದದ್ದು ಮೊಟ್ಟೆಯಾಕಾರಕ್ಕೆ ತಿರುಗಿದೆ. ಈಗ ಹಿಂದಕ್ಕೆ ಸರಿಯುವುದೇ ಇಲ್ಲ. ಗಿಡ್ಡ ಕಾಲಿನ ಯಾರೂ ಇನ್ನು ಆ ಟ್ರೈಕ್ ಓಡಿಸುವಂತಿಲ್ಲ. ದೂರಿಗೆ ಅಂಗಡಿಯವರು ಕೊಟ್ಟ ಉತ್ತರ: ‘ನೀವು ತಪ್ಪಾಗಿ ಬಳಸಿದ್ದೀರಿ’. ಅವರದೇ ಚೀಟಿ ತೋರಿಸಿದ ಮೇಲೆ ಮೌನ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಟ್ಯಾಡ್‌ಪೋಲ್ ಟ್ರೈಕಿನ ಬಹುಪಾಲು ಕೆಲಸಕ್ಕೆ ಇಡೀ ಗಾಡಿಯನ್ನು ಎತ್ತುವುದೇ ಬೇಕಾಗಿಲ್ಲ. ಗೇರ್, ಚೈನ್ ನೋಡಲು ಹಿಂದಿನ ಚಕ್ರ ನೆಲ ಬಿಟ್ಟರೆ ಸಾಕು. ಮುಂದಿನ ಪ್ರತಿ ಚಕ್ರವೂ ಒಂದು ಬದಿಯಲ್ಲಷ್ಟೇ ಆಕ್ಸಲ್ಲಿಗೆ ಕೂತು ಇನ್ನೊಂದು ಬದಿ ತೆರೆದಿರುವುದರಿಂದ ಚಕ್ರ ಬಿಚ್ಚದೆಯೇ ಟ್ಯೂಬ್ ಬದಲಿಸಬಹುದು. ಆದ್ದರಿಂದ ಹಿಂದಿನ ಆಕ್ಸಲ್ಲನ್ನು ಎರಡೂ ಕಡೆಯಿಂದ ಹೊರುವ ತಗ್ಗು ಸ್ಟ್ಯಾಂಡ್ ನೋಡಿ; ಮುಂದಿನ ಚಕ್ರಗಳು ನೆಲದಲ್ಲಿರಲಿ, ಪಾರ್ಕಿಂಗ್ ಬ್ರೇಕ್ ಬಿಗಿದಿರಲಿ. ಬಗ್ಗಿ ಕೆಲಸ ಮಾಡಲಾಗದವರಿಗೆ ಮೇಜಿನಂತೆ ಅಗಲವಾದ, ಮೂರೂ ಚಕ್ರಗಳು ಹತ್ತಿ ನಿಲ್ಲುವ ಕಟ್ಟೆ ಒಳ್ಳೆಯದು. ಎರಡು ಚಕ್ರದ ರಿಕಂಬೆಂಟಿಗಾದರೆ, ಮನೆಯ ತೊಲೆ ಗಟ್ಟಿಯಿದ್ದರೆ, ಮುಂದೊಂದು ಹಿಂದೊಂದು ಅಗಲ ಪಟ್ಟಿ ಇಳಿಬಿಟ್ಟು ತೂಗುಹಾಕುವುದೇ ಕ್ಷೇಮ.

ನಾವು ಕೊನೆಗೆ ಅಂಕೋಲೆಯ ಒಬ್ಬ ವೆಲ್ಡಿಂಗ್ ಯಜಮಾನರ ಬಳಿ ಹೋದೆವು. ಅವರು ಕ್ಯಾಟಲಾಗ್ ನೋಡಲಿಲ್ಲ. “ತಮ್ಮಾ, ಮೊದಲು ಭಾರ ಎಲ್ಲಿ ಬೀಳುತ್ತದೆ, ತೋರಿಸು” ಎಂದರು. ಟ್ರೈಕನ್ನು ತಾವೇ ಎತ್ತಿ ನೋಡಿ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನಲ್ಲಿ ಹಿಂಬದಿಯ ಸ್ಟ್ಯಾಂಡ್ ಮಾಡಿಕೊಟ್ಟರು. ಆ ಅಂಗಡಿಗಿಂತ ಇವರ ಮೇಲೆ ನನಗೆ ಎಷ್ಟೋ ಪಾಲು ಹೆಚ್ಚು ನಂಬಿಕೆ. ವೆಲ್ಡಿಂಗ್ ಮಾಡುವಾಗ ಬೆಸುಗೆಯ ಜಾಗದಲ್ಲಿ ಸತುವಿನ ಲೇಪ ಸುಟ್ಟುಹೋಗುತ್ತದೆ. ಅಲ್ಲಿ ಸತುವಿನ ಬಣ್ಣ ಬಳಿಸದಿದ್ದರೆ ನಮ್ಮ ಉಪ್ಪುಗಾಳಿಗೆ ಒಂದು ಮಳೆಗಾಲದಲ್ಲೇ ತುಕ್ಕು ಶುರುವಾಗುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್ ಹಾಕಿಸುವುದಾದರೆ 316 ದರ್ಜೆಯದನ್ನೇ ಕೇಳಿ, ಸಮುದ್ರದ ಬದಿಯಲ್ಲಿ ಅದು 304ಕ್ಕಿಂತ ಹೆಚ್ಚು ಬಾಳುತ್ತದೆ. ಶಿರಸಿಯಂಥ ಘಟ್ಟದ ಮೇಲಿನವರಿಗೆ ಉಪ್ಪಿನ ಕಾಟವಿಲ್ಲ.

ಈಗಾಗಲೇ ಅಂಥ ಸ್ಟ್ಯಾಂಡ್ ಕೊಂಡವರು ದಯವಿಟ್ಟು ಟ್ರೈಕನ್ನು ಇವತ್ತೇ ಅದರಿಂದ ಇಳಿಸಿ. ಹಾನಿಯಾಗಿದ್ದರೆ ಅಂಗಡಿಯ ಪುಟದ, ಅವರು ಬರೆದ ಉತ್ತರದ ಚಿತ್ರ ತೆಗೆದಿಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ದಾರಿ ತಪ್ಪಿಸುವ ಜಾಹೀರಾತು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಪುಟವನ್ನು ಅವರು ಯಾವಾಗ ಬೇಕಾದರೂ ತಿದ್ದಬಹುದು, ಆದ್ದರಿಂದ ದೂರು ಕೊಡುವ ಮೊದಲೇ ಚಿತ್ರ ತೆಗೆದಿಡಿ.